ಇಪ್ಪತ್ತೈದನೇ ಹೆರಿಗೆ

ಡಾಕ್ಟರ್ ಪ್ರಭುಸ್ವಾಮಿಯ ಲಾಗ್‌ಬುಕ್ಕಿನಲ್ಲಿ ಒಂದೇ ಒಂದು ಸಾಲು ಖಾಲಿ ಇತ್ತು. ಅವತ್ತಿನ ಸಂಕಟವೆಲ್ಲ ಹುಟ್ಟಿದ್ದು ಆ ಸಾಲಿನಿಂದಲೇ.

ಪ್ರಭುಸ್ವಾಮಿ ಮೈಸೂರಿನವನು, ಹೆರಿಗೆ ವಿಭಾಗದಲ್ಲಿ ಪಿ.ಜಿ. ಓದುತ್ತಿದ್ದ. ಹೀಗೆ ಓದುವವರು ಮೂರು ತಿಂಗಳು ಹೊರಗಿನ ಆಸ್ಪತ್ರೆಯಲ್ಲಿ ಕೆಲಸ ಕಲಿಯಬೇಕೆಂದು ನಿಯಮ. ಅವನನ್ನು ಹನೂರು ದಾಟಿ ರಾಮಾಪುರಕ್ಕೆ ಹೋಗುವ ದಾರಿಯಲ್ಲಿರುವ ಮಾದಯ್ಯನಕಟ್ಟೆ ಎಂಬ ಊರಿಗೆ ಹಾಕಿದ್ದರು. ಸ್ವಂತ ಕೈಯಲ್ಲಿ ಇಪ್ಪತ್ತೈದು ಹೆರಿಗೆ ಮಾಡಿಸಿ, ಬುಕ್ಕಿನಲ್ಲಿ ಬರೆದು, ದೊಡ್ಡ ಡಾಕ್ಟರ ರುಜು ಹಾಕಿಸಿಕೊಂಡರೆ ಬಿಡುಗಡೆ. ಒಂದು ಕಮ್ಮಿಯಾದರೂ ಇನ್ನೂ ಮೂರು ತಿಂಗಳು ಅಲ್ಲೇ. ಅವನಿಗೆ ಆಗಿದ್ದದ್ದು ಇಪ್ಪತ್ನಾಲ್ಕು. ಗಡುವು ಅವತ್ತು ಸಂಜೆ ಐದು ಗಂಟೆ.

ಇನ್ನೂ ಮೂರು ತಿಂಗಳು ಅಲ್ಲಿರುವುದು ಅವನಿಂದಾಗದ ಮಾತು. ಕಾಡಿನಿಂದ ಬರುವ ಕೋತಿಗಳು ದಿನಾ ಅವನ ಕ್ವಾರ್ಟರ್ಸಿಗೆ ನುಗ್ಗಿ, ಅವನಿಗಿಂತ ಮೊದಲೇ ತಿಂಡಿ ಮುಗಿಸುತ್ತಿದ್ದವು. ಅದನ್ನಾದರೂ ಸಹಿಸಬಹುದಿತ್ತು. ಬಸ್‌ಸ್ಟಾಪಿನ ಟೀ ಅಂಗಡಿ ಮಾದಣ್ಣನನ್ನು ಸಹಿಸುವುದು ಕಷ್ಟ. "ಗಂಡ್ಸಾಗಿ ಇದ್ಯಾಕ್ ಕಲ್ತ್ರಿ ಸಾ? ಕಣ್ಣು, ಅಲ್ಲು, ಮೂಳ ಎಲ್ಲಾ ಖರ್ಚಾಗೋಗಿತ್ತಾ?" ಎಂದು ಅವನು ದಿನಕ್ಕೆರಡು ಸಲ, ಗಿರಾಕಿಗಳು ತುಂಬಿರುವಾಗಲೇ ಕೇಳುತ್ತಿದ್ದ.

ಸಾಲದ್ದಕ್ಕೆ ನಟರಾಜು. ಜೊತೆಯಲ್ಲಿ ಓದುವವನು, ಯಳಂದೂರಿನ ಕಡೆ ಬಿದ್ದಿದ್ದ. ಆ ಜಿಲ್ಲೆಗೆ ಬಂದಿದ್ದ ಹೆರಿಗೆ ಪಿ.ಜಿ.ಗಳು ಇವರಿಬ್ಬರೇ. ದಿನಾ ಸಂಜೆ ಫೋನು ಮಾಡಿ, "ನಂದು ಮೂವತ್ತೆಂಟು ಕಣೋ. ನಿಂದೆಷ್ಟಾಯ್ತು?" ಎಂದು ಹೊಟ್ಟೆ ಉರಿಸುವುದು ಅವನ ಕೆಲಸ. ನಿನ್ನೆಗೆ ಅವನದು ನಲವತ್ತು ಮುಟ್ಟಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಆಟೋದಲ್ಲಿ ಒಬ್ಬಾಕೆ ಬಂದಳು. ನಾಲ್ಕನೆಯ ಬಸುರು. ಪ್ರಭುಸ್ವಾಮಿ ಕುಣಿಯುವುದೊಂದು ಬಾಕಿ. ಕೈ ತೊಳೆದು, ಎಡಗೈಗೆ ಗ್ಲೌಸು ಏರಿಸಿ, ಬಲಗೈಗೆ ಎಳೆಯುವಾಗ ಅದು ಪಟ್ಟನೆ ಹರಿಯಿತು. ಇನ್ನೊಂದು ತೆಗೆಯುವಷ್ಟರಲ್ಲಿ ಕೂಸಿನ ಅಳು ಕೇಳಿಸಿತು. ತಿರುಗಿ ನೋಡಿದರೆ ಕೂಸು ಸಿಸ್ಟರ್ ಶಿವಮ್ಮನ ಕೈಯಲ್ಲಿತ್ತು.

"ಸಿಸ್ಟರ್, ಒಂದ್ ನಿಮಿಷ ಕಾಯಬಾರದಿತ್ತಾ?"

"ನಾನ್ ಕಾದೇನು ಸಾ, ಕೂಸ್ ಕಾಯ್ಬೇಕಲ್ಲ? ವಾಪಸ್ ಕಳ್ಸಕ್ಕಾದದಾ?"

ಕೂಸು ಯಾರ ಕೈಗೆ ಬರುತ್ತದೋ ಹೆರಿಗೆ ಅವರದು. ಇಪ್ಪತ್ನಾಲ್ಕು ಇಪ್ಪತ್ನಾಲ್ಕಾಗಿಯೇ ಉಳಿಯಿತು.

ಹನ್ನೆರಡಕ್ಕೆ ಬಂಡಳ್ಳಿಯ ಕುಸುಮ ಬಂದಳು. ಚೊಚ್ಚಲು, ತವರಿನವರು ಕರೆತಂದಿದ್ದರು. ತವರಿನವರು ಎಂದರೆ ಒಂದು ಟೆಂಪೊ ತುಂಬ ಜನ. ಹೆರಿಗೆ ಕೋಣೆಯ ಬಾಗಿಲಿಗೆ ಅವಳ ತಾಯಿ ಚಿಕ್ಕಬಸಮ್ಮ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಗಂಡಸ್ ಡಾಕ್ಟ್ರಾ? ನನ್ ಜೀವ ಓದ್ರೂ ಒಳಕ್ ಬುಡಲ್ಲ!"

"ಅಮ್ಮಾ, ನಾನು ಈಗಾಗಲೇ ಇಪ್ಪತ್ನಾಲ್ಕು ಹೆರಿಗೆ ಮಾಡಿಸಿದ್ದೀನಿ."

"ಅಂಗಾರ ಸಾಕಲ್ಲಪ್ಪ, ಬುಡು!"

ಟೆಂಪೊದ ಜನವೆಲ್ಲ ಗೊಳ್ಳೆಂದು ನಕ್ಕಿತು. ಆಗ ಕುಸುಮಳ ಅಪ್ಪ ಪುಟ್ಟಮಾದಯ್ಯ ಅವನನ್ನು ಪಕ್ಕಕ್ಕೆ ಕರೆದ. ಸುತ್ತಲ ಊರುಗಳ ಅರ್ಜಿಗಳನ್ನೆಲ್ಲ ಬರೆಯುವ ಮನುಷ್ಯ. ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ಹಸಿರು ಬಟ್ಟೆ ಕಟ್ಟಿದ್ದರಿಂದ ಈಗ ಬರೆಯುವಂತಿರಲಿಲ್ಲ.

"ಬುದ್ದಿ, ನೀವು ಒಂಟೋದ್ರ ನಾಳಿಂದ ಇಲ್ಲಿ ಎರ್ಗ ಡಾಕ್ಟ್ರೇ ಇರಲ್ವಂತ. ಡಾಕ್ಟ್ರು ಬೇಕು ಅಂತ ವಸಿ ಅರ್ಜಿ ಬರ್ಕೊಡಿ. ನಮ್ಮೆಂಗಸ್ನ ನಾನ್ ಒಪ್ಪುಸ್ತೀನಿ."

ಪ್ರಭುಸ್ವಾಮಿ ಮೊದಲು ಸಪ್ಪೆಯಾಗಿ ಎರಡು ಸಾಲು ಗೀಚಿದ. ಆಮೇಲೆ ನಟರಾಜುವಿನ ಮುಖ ನೆನಪಾಯಿತು ನೋಡಿ, ಪೆನ್ನಿಗೆ ಎಲ್ಲಿಲ್ಲದ ಹುರುಪು ಬಂತು. 'ಹೊಸಬರು ಬೇಡ. ಈಗ ಈ ಜಿಲ್ಲೆಯಲ್ಲೇ ತರಬೇತಿಯಲ್ಲಿರುವ, ಸ್ವಂತ ಕೈಯಲ್ಲಿ ಇಪ್ಪತ್ತೈದಕ್ಕೆ ಕಮ್ಮಿಯಿಲ್ಲದಂತೆ ಹೆರಿಗೆ ಮಾಡಿಸಿರುವ ಡಾಕ್ಟರನ್ನು ನಾಳೆಯಿಂದಲೇ ಮೂರು ತಿಂಗಳಿಗೆ ಕೊಡಬೇಕು. ಗಂಡಸಾದರೂ ಅಡ್ಡಿಯಿಲ್ಲ. ಅವರು ಒಲ್ಲೆನೆಂದರೂ ಬಿಡಬಾರದು.' ಬರೆದು ಮುಗಿಸಿ, ನಲವತ್ತರ ಸರದಾರ ಇನ್ನು ಕೋತಿಗಳಿಗೆ ತಿಂಡಿ ಹಾಕಲಿ ಎಂದು ಮನಸ್ಸಿನಲ್ಲೇ ನಕ್ಕ.

ಅರ್ಜಿ ಊರೆಲ್ಲ ಸುತ್ತಿ ರುಜು, ಹೆಬ್ಬೆಟ್ಟು ಹೊತ್ತುಕೊಂಡು ಬಂತು. ಫೋಟೋ ತೆಗೆದು ಜಿಲ್ಲೆಯ ಆರೋಗ್ಯ ಇಲಾಖೆ ಸಾಹೇಬರ ಫೋನಿಗೆ ಕಳಿಸಿಯೂ ಆಯಿತು. ಆದರೆ ಪುಟ್ಟಮಾದಯ್ಯ ಹೆಂಡತಿಯನ್ನು ಒಪ್ಪಿಸಿದ್ದು ಮಾತ್ರ ಅಷ್ಟಕ್ಕಷ್ಟೆ. ಮೂರಾಯಿತು, ಮೂರೂವರೆಯಾಯಿತು. ಚಿಕ್ಕಬಸಮ್ಮ ಬಾಗಿಲಿನಿಂದ ಕದಲಲಿಲ್ಲ. ಪ್ರಭುಸ್ವಾಮಿ ಗ್ಲೌಸು ಹಾಕಿದ ಕೈಗಳನ್ನು ಮೇಲೆತ್ತಿಕೊಂಡು ಪೊಲೀಸರಿಗೆ ಶರಣಾದವನಂತೆ ಕಾರಿಡಾರಿನಲ್ಲಿ ನಿಂತಿದ್ದ. ಈ ಸಲ ಗ್ಲೌಸಿನ ವಿಷಯದಲ್ಲಿ ಅವನು ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ.

ಕೊನೆಗೆ ಒಳಗಿನಿಂದ ಕುಸುಮಳೇ ಕೂಗಿದಳು.

"ಅವ್ವಾ, ಎರೋಳು ನಾನಾ ನೀನಾ? ದಾರಿ ಬುಡು, ಆ ಡಾಕ್ಟ್ರು ಬರ್ಲಿ!"

ಚಿಕ್ಕಬಸಮ್ಮನ ಕೈಗಳು ತಾವಾಗಿಯೇ ಕೆಳಗಿಳಿದವು.

ದೊಡ್ಡ ಡಾಕ್ಟರ್ ಶಿವರತ್ನಮ್ಮ ಹೆರಿಗೆಯವರಲ್ಲ, ಮಕ್ಕಳ ಡಾಕ್ಟರು; ಅವರು ಪಕ್ಕದಲ್ಲಿ ನಿಂತು ನೋಡುತ್ತಿದ್ದಂತೆ, ನಾಲ್ಕೂ ಇಪ್ಪತ್ತಕ್ಕೆ ಹೆಣ್ಣುಕೂಸು ಅವನ ಅಂಗೈಗಳಿಗೆ ಬಂತು. ಬೆಚ್ಚಗಿತ್ತು, ಜಾರುತ್ತಿತ್ತು, ಬಂದಕೂಡಲೇ ಆಸ್ಪತ್ರೆ ಕಿತ್ತುಹೋಗುವಂತೆ ಅರಚಿತು. ಒಂದು ಕ್ಷಣ ಅವನಿಗೆ ಲಾಗ್‌ಬುಕ್ಕು, ಕೋತಿ, ನಟರಾಜು ಎಲ್ಲ ಮರೆತುಹೋಗಿ ಕಣ್ಣು ತೇವವಾಯಿತು. ಪ್ರತಿ ಸಲವೂ ಅವನಿಗೆ ಹಾಗೇ ಆಗುತ್ತಿತ್ತು.

ಚಿಕ್ಕಬಸಮ್ಮ ಮೊಮ್ಮಗಳನ್ನು ನೋಡಿದಳು, ಮಗಳನ್ನು ನೋಡಿದಳು, ಕಡೆಗೆ ಅವನನ್ನೂ ನೋಡಿದಳು. "ನಿನ್ ಕೈ ತಣ್ಣಗಿರ್ಲಿ ಕಣಪ್ಪ," ಎಂದಳು.

ಖಾಲಿ ಸಾಲು ತುಂಬಿತು. ರುಜು ಬಿತ್ತು. ಐದೂವರೆಯ ಕೊಳ್ಳೇಗಾಲದ ಬಸ್ಸಿಗೆ ಪ್ರಭುಸ್ವಾಮಿ ಬ್ಯಾಗು ಎಸೆದು, ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದಾಗ ಫೋನು ಬಡಿದುಕೊಂಡಿತು. ಶಿವರತ್ನಮ್ಮ.

"ಪ್ರಭುಸ್ವಾಮಿ, ಬಸ್ ಹತ್ತಬೇಡಿ. ನಾಳೆಯಿಂದ ಇಲ್ಲಿ ಹೆರಿಗೆಗೆ ಡಾಕ್ಟರೇ ಇರಲ್ಲ ಅಂತ ಸಾಹೇಬರೇ ತಲೆ ಕೆಡಿಸಿಕೊಂಡಿದ್ದರು. ಊರವರ ಅರ್ಜಿ ನೋಡಿ ಆರ್ಡರ್ ಮಾಡಿಬಿಟ್ಟರು. ನಿಮಗೇ ಮೂರು ತಿಂಗಳು."

"ನನಗಾ? ಮೇಡಂ, ನಟರಾಜು ಇದ್ದಾನಲ್ಲ! ನಲವತ್ತು ಮಾಡಿಸಿದ್ದಾನೆ!"

"ಐದು ಗಂಟೆಗೆ ಇಬ್ಬರ ಬುಕ್ಕಿನ ಲೆಕ್ಕವನ್ನೂ ತರಿಸಿಕೊಂಡರು. ಅವರದು ಹತ್ತೊಂಬತ್ತೇ ಅಂತೆ. ಅವರೂ ಅಲ್ಲೇ ಉಳಿದರು, ಪಾಪ. ಇಪ್ಪತ್ತೈದು ಮುಟ್ಟಿರೋದು ನೀವೊಬ್ಬರೇ."

ಪ್ರಭುಸ್ವಾಮಿ ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಕೆಳಗಿಳಿಸಿದ. "ಮೇಡಂ, ನಾನು ಒಲ್ಲೆ ಅಂದರೆ?"

"ಬಿಡಬಾರದು ಅಂತ ಅರ್ಜಿಯಲ್ಲೇ ಇದೆಯಲ್ಲ? ಸಾಹೇಬರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ಅಂದಹಾಗೆ, ಯಾರು ಬರೆದರೋ, ಅಕ್ಷರ ಬಹಳ ಮುದ್ದಾಗಿದೆ."

ಕಂಡಕ್ಟರು ಬ್ಯಾಗನ್ನು ಕೆಳಗಿಳಿಸಿ ವಿಸಿಲ್ ಊದಿದ. ಬಸ್ಸು ಹೋಯಿತು. ಮಾದಣ್ಣ ಅಂಗಡಿಯಿಂದ ಒಂದು ಲೋಟ ಟೀ ತಂದು ಅವನ ಕೈಗಿತ್ತ.

"ಕುಡೀರಿ ಸಾ. ಅರ್ಜಿಗ ಮೊದ್ಲುನೇ ರುಜು ನಂದೇ."