ಅಮಾವಾಸ್ಯೆಯ ಗಡುವು ಮತ್ತು ನಮ್ಮನೆ ಸರ್ವರ್

ನಾನು ಮನೆಗೆ ತಂದ ಯಾವ ಸಾಮಾನೂ ಇಲ್ಲಿತನಕ ನಾನು ಹೇಳಿದ ಕೆಲಸ ಮಾಡಿದ್ದಿಲ್ಲ. ತಪ್ಪು ನನ್ನದಂತೂ ಅಲ್ಲ. ಕಂಪ್ಯೂಟರ್ ವಿಷಯದಲ್ಲಿ ರಾಯಬಾಗ ತಾಲೂಕಿನಲ್ಲಿ ನನ್ನನ್ನು ಮೀರಿಸುವವನಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳುತ್ತಿಲ್ಲ.

೧. ಪ್ಲಗ್

ಚಿಕ್ಕೋಡಿಯ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಒಂದು ಸರ್ವರ್ ಜೋಡಿಸಿದೆ. ಅಂದರೆ ಮನೆಮಂದಿಯ ಫೋಟೊ, ವಿಡಿಯೊ ಎಲ್ಲ ಕೂಡಿಟ್ಟು ಕೇಳಿದಾಗ ತೋರಿಸುವ, ಸದಾ ಚಾಲೂ ಇರುವ, ಅಂಗೈಯಷ್ಟು ಕಂಪ್ಯೂಟರ್. ಟಿವಿ ಪಕ್ಕ ಇಟ್ಟು ಪ್ಲಗ್ ಚುಚ್ಚಿದೆ.

ಅಪ್ಪ ಅಂದ: “ಅಮಾಸಿ ತನಕಾ ನೋಡ್ತೀನಿ. ಮನೀಗೆ ಒಂದರ ಉಪಯೋಗ ಆಗಬೇಕು. ಇಲ್ಲಂದ್ರ ಕಿತ್ತು ತಿಪ್ಪಿಗೆ ಒಗಿತೀನಿ.”

“ಜೀರೋ ಬಲ್ಬಿಗಿಂತ ಕಡಿಮಿ ಕರೆಂಟ್ ತಿಂತೈತಿ ಅಪ್ಪಾ.”

“ಜೀರೋ ಬಲ್ಬ್ ಬೆಳಕರ ಕೊಡತೈತಿ.”

೨. ಟಾಕಿ

ನೀರಿನ ಟಾಕಿ ತುಂಬಿದರೆ ಸರ್ವರ್ ನನ್ನ ಮೊಬೈಲಿಗೆ ಸುದ್ದಿ ಕಳಿಸುವಂತೆ ಮಾಡಿದೆ. ಮರುದಿನ ಅಂಗಡಿಯಲ್ಲಿದ್ದಾಗ ಸುದ್ದಿ ಬಂತು. ಗಿರಾಕಿಗಳ ಮುಂದೆ ಎದೆ ಉಬ್ಬಿಸಿ ಫೋನ್ ಹಚ್ಚಿದೆ. “ಅವ್ವಾ, ಟಾಕಿ ತುಂಬೈತಿ, ಮೋಟಾರ್ ಬಂದ್ ಮಾಡು.”

“ಆಗಲೇ ಮಾಡೀನಿ. ಬಾಜೂ ಮನಿಯಾಕಿ ಒದರಿದಳು. ಆಕಿಗೇನ್ ಪ್ಲಗ್ ಬೇಕಾಗಿಲ್ಲಪಾ.”

೩. ಕುಸ್ತಿ

ಅಪ್ಪನಿಗೆ ಕುಸ್ತಿ ಅಂದರೆ ಪ್ರಾಣ. ನಮ್ಮೂರ ಪೈಲ್ವಾನ ಸೋತ ಕುಸ್ತಿಯ ವಿಡಿಯೊ ಸರ್ವರಿಗೆ ಹಾಕಿ ಟಿವಿಯಲ್ಲಿ ತೋರಿಸಿದೆ. ನಾಲ್ಕು ದಿನ ಅದನ್ನೇ ನೋಡಿದ. ಗೆದ್ದೆ ಅಂದುಕೊಂಡೆ. ಐದನೆಯ ದಿನ ರಿಮೋಟ್ ಒಗೆದ.

“ನಾಕ ದಿನದಾಗ ಒಮ್ಮೆರ ಅವನ್ನ ಗೆಲ್ಲಿಸಿತೇನ್ಲೇ ನಿನ್ನ ಡಬ್ಬಿ?”

೪. ಸೀರೆ

ಅಮಾವಾಸ್ಯೆ ಬಂದೇ ಬಿಟ್ಟಿತು. ಅಪ್ಪನ ತಂಗಿ, ನಮ್ಮತ್ತೆ, ಊಟಕ್ಕೆ ಬಂದಿದ್ದಳು. ಕೊನೆಯ ಪ್ರಯತ್ನವೆಂದು ಬಳಗದ ಮದುವೆಗಳ ಫೋಟೊಗಳನ್ನು ಟಿವಿಗೆ ಹಾಕಿದೆ.

ನಮ್ಮ ಕಡೆ ಆಯೇರಿಗೆ, ಅಂದರೆ ಮದುವೆಯ ಉಡುಗೊರೆಯಾಗಿ, ಬಂದ ಸೀರೆಯನ್ನು ಉಡುವುದು ಅಪರೂಪ. ಮಡಿಕೆ ಮುರಿಯದೆ ಮುಂದಿನ ಮದುವೆಗೆ ದಾಟಿಸುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ.

ಅಣ್ಣನ ಮದುವೆಯಲ್ಲಿ ಅತ್ತೆ ಅವ್ವನಿಗೆ ಕೊಟ್ಟ ಗಿಳಿಹಸಿರು ಸೀರೆ ಟಿವಿಯಲ್ಲಿ ಬಂತು. “ನಿಪ್ಪಾಣಿಗೆ ಹೋಗಿ ನಾನ ಆರಿಸಿ ತಂದಿದ್ನಿ ನೋಡ್ರಿ ವೈನಿ” ಅಂದಳು ಅತ್ತೆ, ಅವ್ವನಿಗೆ.

ನನ್ನ ಸರ್ವರ್ ಒಂದೇ ತರಹದ ವಸ್ತು ಹುಡುಕಿ ಕೊಡುತ್ತದೆ. ತೋರಿಸಬೇಕಲ್ಲ? ಸೀರೆಯ ಮೇಲೆ ಒತ್ತಿದೆ. ಅಥಣಿ ಮದುವೆ: ಅದೇ ಸೀರೆ, ತಗೊಳ್ಳುತ್ತಿರುವವಳು ಅತ್ತೆ. ಅದಕ್ಕೂ ಮುಂಚಿನ ನಿಪ್ಪಾಣಿ ಮದುವೆ: ಅದೇ ಸೀರೆ.

“ಅಂಥಾ ಸೀರಿ ರಗಡ ಇರ್ತಾವು” ಅಂದಳು ಅತ್ತೆ.

“ಅಂಚಿನ ಅರಿಷಿಣದ ಕಲೆನೂ ಅದ ಜಾಗಾದಾಗ ಇರತೈತೇನ್ರಿ?” ಅಂದಳು ಅವ್ವ.

ಅತ್ತೆಗೆ ಬಸ್ಸಿನ ನೆನಪಾಯಿತು. ಆಕೆ ಹೊಸಿಲು ದಾಟಿದ್ದೇ ತಡ, ಅಪ್ಪ ಪ್ಲಗ್ಗಿಗೆ ಕೈ ಹಾಕಿದ. “ಮನಿ ಒಡಿಯೂ ಡಬ್ಬಿ!”

ಅವ್ವ ಅಡ್ಡ ನಿಂತಳು. “ಕೈ ಹಚ್ಚಬ್ಯಾಡ್ರಿ.” ಒಳಗೆ ಹೋಗಿ ಟ್ರಂಕಿನಿಂದ ಅದೇ ಸೀರೆ ತಂದು ನನ್ನ ಮುಂದೆ ಹಿಡಿದಳು. “ನಾಡದು ಕಾಗವಾಡದಾಗ ಲಗ್ನ ಐತಿ. ಅಲ್ಲಿಯವರು ಈ ಸೀರಿ ಎಲ್ಲೆರ ನೋಡ್ಯಾರೇನು, ಹುಡುಕು.”

ಹುಡುಕಿದೆ. ಮೂರೂ ಮದುವೆಯಲ್ಲಿ ಅವರು ಯಾರೂ ಇರಲಿಲ್ಲ.

ಅವ್ವ ಸೀರೆಯನ್ನು ಕಲೆ ಒಳಗಾಗುವಂತೆ ಮಡಚಿ ಅಪ್ಪನ ಕಡೆ ತಿರುಗಿದಳು. “ಉಪಯೋಗ ಇಲ್ಲಂತೀರಿ.”