ತಾತನ ಸಂಸಾರಕ್ಕೆ ಆರಡಿ ಮಂಚ

ನಮ್ಮ ತಾತ ಅಂಜಿನಯ್ಯ, ಅಜ್ಜಿ ಹನುಮಕ್ಕ. ಇವರ ವಿಷಯ ನಾಲ್ಕು ಜನಕ್ಕೆ ತಿಳಿಯಬೇಕು. ಯಾಕೆಂದರೆ ಐವತ್ತು ವರ್ಷ ಸಂಸಾರ ಮಾಡಿದ್ದಾರೆ, ಜಗಳ ಆಡಿದ್ದು ಒಂದೇ ಸಲ. ಆ ಒಂದು ಜಗಳ ತಂದಿಟ್ಟವನು ನಾನು.

ನಾನು ಸುಬ್ರಮಣಿ, ಪೀಣ್ಯದಲ್ಲಿ ವೆಲ್ಡರ್. ಹೆಚ್ಚು ಓದಿದವನಲ್ಲ, ಮಾತೂ ಕಮ್ಮಿ. ಆದರೆ ಎರಡು ತುಂಡು ಕಬ್ಬಿಣವನ್ನು ನಾನು ಒಂದು ಸಲ ಸೇರಿಸಿದೆ ಅಂದರೆ ಬ್ರಹ್ಮ ಬಂದರೂ ಬಿಡಿಸಲಾರ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ನನಗೇ ತಿರುಗಿ ಹೊಡೆಯುತ್ತದೆ.

ತಾತ, ಅಜ್ಜಿ ಮದುವೆಯಾದ ಹೊಸದರಲ್ಲೇ ಆಂಧ್ರದ ಮಡಕಶಿರಾ ಕಡೆಯ ಹಳ್ಳಿಯಿಂದ ಒಂದು ತಗಡಿನ ಪೆಟ್ಟಿಗೆ ಹಿಡಿದು ಬೆಂಗಳೂರಿಗೆ ಬಂದವರು. ತಾತ ಬಟ್ಟೆ ಮಿಲ್ಲಿನಲ್ಲಿ ನೈಟ್ ಶಿಫ್ಟ್ ಮಾಡಿದರು. ಮಿಲ್ಲು ಮುಚ್ಚಿದ ಮೇಲೆ ಒಂದು ಫ್ಯಾಕ್ಟರಿ ಗೇಟಿನಲ್ಲಿ ರಾತ್ರಿ ವಾಚ್‌ಮನ್ ಆದರು. ಅಜ್ಜಿ ಅಗರಬತ್ತಿ ಹೊಸೆದರು, ಆಮೇಲೆ ಗಾರ್ಮೆಂಟ್ಸಿಗೆ ಹೋಗಿ ದಾರ ಕತ್ತರಿಸಿದರು. ಈಗ ಇಬ್ಬರೂ ಮನೆಯಲ್ಲೇ. ಲಗ್ಗೆರೆಯ ವಠಾರದ ಮಹಡಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ.

ಆ ವಠಾರದ ಓನರ್ ಕಮಲಾಕ್ಷಮ್ಮ ಹೇಳುವ ಪ್ರಕಾರ, ಬೇರೆ ಮನೆಗಳಲ್ಲಿ ತಟ್ಟೆ ಲೋಟ ಹಾರಿದರೂ ಹನುಮಕ್ಕನ ಮನೆಯಿಂದ ಏರಿದ ದನಿ ಒಂದು ದಿನವೂ ಬಂದಿಲ್ಲ. ಇದು ನನಗೆ ದೊಡ್ಡ ಆಶ್ಚರ್ಯ. ಬಾಪೂಜಿ ನಗರದ ನಮ್ಮ ಮನೆಯಲ್ಲಿ ನಲ್ಲಿ ಸರಿಯಾಗಿ ನಿಲ್ಲಿಸಲಿಲ್ಲ ಅನ್ನುವುದರಿಂದ ಶುರುವಾದ ಜಗಳ ನನ್ನ ಹೆಂಡತಿ ಕುಸುಮಾಳ ತವರಿನವರೆಗೂ ಹೋಗಿ ವಾಪಸ್ ಬರುತ್ತದೆ. ಗುಟ್ಟೇನು ಅಂತ ಕೇಳಿಕೊಂಡು ಬನ್ನಿ ಎಂದು ಅವಳೇ ನನ್ನನ್ನು ಅಟ್ಟಿದ್ದಳು. ತಾತನನ್ನು ಕೇಳಿದೆ. ಏನೋ ಕಾಲ ಹೋಯಿತು ಅಂದರು. ಅಜ್ಜಿಯನ್ನು ಕೇಳಿದೆ.

"ಕಾಫಿ ಕುಡೀತೀಯಾ?" ಅಂದರು.

ಹೀಗಿರುವಾಗ ಅವರ ಮದುವೆಗೆ ಐವತ್ತು ತುಂಬುವ ಭಾನುವಾರ ಹತ್ತಿರ ಬಂತು. ವಠಾರದ ತಾರಸಿ ಮೇಲೆ ಮಧ್ಯಾಹ್ನ ಹೋಳಿಗೆ ಊಟ ಅಂತ ನೆಂಟರಿಗೆಲ್ಲ ಹೇಳಿಯಾಗಿತ್ತು. ಎಲ್ಲರೂ ಸೀರೆ ಪಂಚೆ ಕೊಡುತ್ತಾರೆ, ನಾನು ಮಾತ್ರ ಲಗ್ಗೆರೆ ಕಂಡು ಕೇಳರಿಯದ ಉಡುಗೊರೆ ಕೊಡುತ್ತೇನೆ ಅಂತ ಪಣ ತೊಟ್ಟೆ.

ಏನು ಕೊಡುವುದು? ಅದೂ ಹೊಳೆಯಿತು. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಲಗ್ಗೆರೆ ದಾರಿಯಲ್ಲಿ ಬರುವಾಗೆಲ್ಲ ನೋಡುತ್ತಿದ್ದೆ, ತಾತ ಮೆಟ್ಟಿಲ ಮೇಲ್ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಟಾರ್ಚ್ ಹಿಡಿದು ಕೂತಿರುತ್ತಿದ್ದರು. ಒಳಗೆ ಒಬ್ಬರು ಮಲಗುವಷ್ಟೇ ಅಗಲದ ಹಳೇ ನವಾರು ಮಂಚ, ಅದರ ಮೇಲೆ ಅಜ್ಜಿ. ಯಾಕೆ ತಾತ ಹೊರಗೆ ಕೂತಿದೀರಾ ಅಂತ ಕೇಳಿದರೆ, ಮಂಚ ಖಾಲಿ ಇಲ್ಲಪ್ಪ ಅನ್ನುತ್ತಿದ್ದರು. ಹಗಲು ಹೋದರೆ ಅದೇ ಮಂಚದ ಮೇಲೆ ತಾತ ನಿದ್ದೆ ಮಾಡುತ್ತಿರುತ್ತಿದ್ದರು. ನಾನು ತಲೆ ಓಡಿಸಿದೆ. ಪಾಪ, ರಾತ್ರಿ ಜಾಗ ಸಿಗದ ಮುದುಕ ಹಗಲು ನಿದ್ದೆಯ ಸಾಲ ತೀರಿಸುತ್ತಿದ್ದಾನೆ. ನನ್ನ ಕಣ್ಣು ಒದ್ದೆಯಾಯಿತು. ಆರಡಿ ಅಗಲದ ಮಂಚ ಮಾಡುವುದೆಂದು ತೀರ್ಮಾನಿಸಿದೆ. ಮೈಸೂರು ಮಹಾರಾಜರೂ ಕಾಲು ಚಾಚಿಕೊಂಡು ಮಲಗಬೇಕು, ಅಂಥದ್ದು.

ಶುಕ್ರವಾರ ಅವರಿಬ್ಬರನ್ನೂ ದೇವಸ್ಥಾನಕ್ಕೆ ಕಳಿಸಿ, ಜೊತೆಗೆ ಕೆಲಸ ಮಾಡುವ ಸಂಪತ್‌ನನ್ನು ಕರೆದುಕೊಂಡು ಹೋದೆ. ಮಂಚ ಆ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಹಾಗಾಗಿ ಸ್ಕ್ವೇರ್ ಪೈಪುಗಳನ್ನು ಬಿಡಿಬಿಡಿಯಾಗಿ ಹೊತ್ತು ರೂಮಿನಲ್ಲೇ ಜೋಡಿಸಲು ಕೂತೆವು.

"ಬೋಲ್ಟ್ ಹಾಕೋಣ ಮಗಾ, ನಾಳೆ ಬೇಕಾದ್ರೆ ಬಿಚ್ಚಬೋದು," ಅಂದ ಸಂಪತ್.

"ಬಿಚ್ಚೋದು ಯಾಕೋ? ಸಂಸಾರದ ಮಂಚ ಕಣೋ ಇದು," ಅಂದೆ.

ನಾಲ್ಕು ಮೂಲೆಗೂ ವೆಲ್ಡಿಂಗ್ ಹೊಡೆದೆ. ಅಷ್ಟರಲ್ಲಿ ಬೀದಿಯಲ್ಲಿ ಗುಜರಿ ಗಾಡಿ ಬಂತು, ಹಳೇ ಮಂಚ ಅದಕ್ಕೆ ಹಾಕಿ ಕೈ ತೊಳೆದುಕೊಂಡೆ. ಎಲ್ಲ ಮುಗಿದ ಮೇಲೆ ಗೊತ್ತಾಯಿತು, ರೂಮಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಉಳಿದರ್ಧಕ್ಕೆ ಮಂಚ ಅಡ್ಡ. ಅಡ್ಡಡ್ಡ ನುಸುಳಿದರೆ ಆಯಿತು, ಇಬ್ಬರೂ ಸಣ್ಣಗಿದ್ದಾರೆ ಅಂದುಕೊಂಡೆ.

ತಾತ ಅಜ್ಜಿ ಅಡ್ಡಡ್ಡ ನುಸುಳಿ ಬಂದರು. ಮಂಚದ ಸುತ್ತ ಒಂದು ಸುತ್ತು ಹಾಕೋಣ ಅಂದರೆ ಸುತ್ತಲು ಜಾಗವೇ ಇರಲಿಲ್ಲ. ಅಜ್ಜಿ ಈ ತುದಿಯಿಂದ ಆ ತುದಿಗೆ ಗೇಣು ಹಾಕಿ ನೋಡಿದರು.

"ಇದು ಇಬ್ಬರಿಗಾ?"

"ಹೂಂ ಅಜ್ಜಿ, ಇನ್ಮೇಲೆ ತಾತ ಹೊರಗೆ ಕೂರಂಗಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಚಿಕೆ ಅಂದುಕೊಂಡು ನಾನು ಸದ್ದಿಲ್ಲದೆ ಜಾಗ ಖಾಲಿ ಮಾಡಿದೆ.

ಶನಿವಾರ ಬೆಳಗ್ಗೆ ಕಮಲಾಕ್ಷಮ್ಮನ ಫೋನು. "ಬೇಗ ಬಾರಪ್ಪ. ನಿಮ್ಮ ತಾತ ಅಜ್ಜಿ ಜಗಳ ಆಡ್ತಾವ್ರೆ. ವಠಾರದೋರೆಲ್ಲ ಮೆಟ್ಟಿಲ ಮೇಲೇ ನಿಂತವ್ರೆ."

ಓಡಿದೆ. ತಾತ ಮಂಚದ ಮೇಲೆ, ಅಜ್ಜಿ ಬಾಗಿಲ ಹೊರಗೆ. ಕಣ್ಣು ಇಬ್ಬರದೂ ಕೆಂಪಗೆ. ತಾತನ ಗೊರಕೆಗೆ ಮಿಲ್ಲಿನ ಮಷೀನೇ ಮನೆಗೆ ಬಂದ ಹಾಗಾಯಿತು ಅಂತ ಅಜ್ಜಿಯ ದೂರು. ಅಜ್ಜಿ ನಿದ್ದೆಯಲ್ಲಿ ಗಾರ್ಮೆಂಟ್ಸಿನ ಸೂಪರ್‌ವೈಸರನ್ನು ಬೈಯುತ್ತಾಳೆ, ಬೈಯುತ್ತಾ ಪಕ್ಕದವರಿಗೆ ಒದೆಯುತ್ತಾಳೆ ಅಂತ ತಾತನ ದೂರು. ಕನ್ನಡದಲ್ಲಿ ಇದ್ದ ಜಗಳ ನನ್ನ ಕಣ್ಣೆದುರೇ ತೆಲುಗಿಗೆ ಹೋಯಿತು. ನಮ್ಮ ಮನೆಯಲ್ಲಿ ತೆಲುಗು ಬಂತು ಅಂದರೆ ವಿಷಯ ಕೈ ಮೀರಿತು ಅಂತ ಅರ್ಥ.

ಮರುದಿನ ಮಧ್ಯಾಹ್ನ ಇವರಿಬ್ಬರನ್ನೂ ಪಕ್ಕಪಕ್ಕ ಕೂರಿಸಿ ಹಾರ ಹಾಕಿಸಬೇಕು! ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಮತ್ತೆ ವೆಲ್ಡಿಂಗ್ ಸೆಟ್ ತಂದೆ. ಮಂಚದ ನಟ್ಟನಡುವೆ, ತಲೆಯಿಂದ ಕಾಲಿನವರೆಗೆ, ಮೊಳದೆತ್ತರದ ಕಂಬಿ ನಿಲ್ಲಿಸಿದೆ. ಗೊರಕೆ ಆ ಕಡೆ, ಒದೆ ಈ ಕಡೆ. ಆಂಧ್ರ ಕರ್ನಾಟಕದ ಗಡಿ ದಾಟಿ ಬಂದ ಜೋಡಿಗೆ ಲಗ್ಗೆರೆಯ ರೂಮಿನಲ್ಲಿ ಇನ್ನೊಂದು ಗಡಿ ಕೊಟ್ಟ ಕೀರ್ತಿ ನನ್ನದಾಯಿತು.

ಭಾನುವಾರ ಬೆಳಗ್ಗೆ ಹೂವಿನ ಹಾರ ಹಿಡಿದು ನಾನು, ಕುಸುಮಾ ಹೋದರೆ ಅಜ್ಜಿ ಬ್ಯಾಗ್ ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು. ಎಲ್ಲಿಗೆ ಅಂದರೆ ಮಡಕಶಿರಾ ಬಸ್ಸಿಗೆ. ತಮ್ಮನ ಮನೆಯಲ್ಲಿ ಇರುತ್ತಾರಂತೆ. ಮೇಲಿಂದ ತಾತ, ಹೋಗಲಿ ಬಿಡು ಅಂದರು. ಆದರೆ ಅನ್ನುತ್ತಲೇ ಎರಡು ಮೆಟ್ಟಿಲು ಇಳಿದು ನಿಂತರು.

ಐವತ್ತು ವರ್ಷ ಬಿಡದ ಬೆಸುಗೆ, ವೆಲ್ಡರ್ ಮೊಮ್ಮಗ ಕೈಯಿಟ್ಟ ಎರಡು ದಿನಕ್ಕೆ ಬಿಟ್ಟಿತ್ತು.

ಕುಸುಮಾ ನನ್ನ ಹಾಗಲ್ಲ. ಅಜ್ಜಿಯ ಕೈಯಿಂದ ಬ್ಯಾಗ್ ತೆಗೆದಿಟ್ಟು, ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತಳು. "ಮುಂಚೆ ಹೆಂಗೆ ಮಲಗ್ತಿದ್ರಿ ಅಜ್ಜಿ?" ಅಂತ ಕೇಳಿದಳು. ಇಷ್ಟು ದಿನ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

"ಜೊತೇಲಿ ಮಲಗಿದ್ದು ಯಾವಾಗವ್ವ? ಅವರು ರಾತ್ರಿ ಡ್ಯೂಟಿ, ನಾನು ಹಗಲು. ನಾನು ಎದ್ದು ಹೊರಡೋ ಹೊತ್ತಿಗೆ ಅವರು ಬರೋರು. ನಾನು ಬಿಟ್ಟ ಮಂಚಕ್ಕೆ ಅವರು, ಅವರು ಬಿಟ್ಟ ಮಂಚಕ್ಕೆ ನಾನು. ಕೆಲಸ ಬಿಟ್ರೂ ನಿದ್ದೆ ಅದೇ ಟೈಮಿಗೆ ಬತ್ತದೆ. ಚಳಿಗಾಲದಾಗೂ ತಣ್ಣನೆ ಹಾಸಿಗೆ ಮ್ಯಾಲೆ ಮಲಗಿದೋಳಲ್ಲ ನಾನು. ಅವರು ಬೆಚ್ಚಗೆ ಮಾಡಿಟ್ಟಿರೋರು."

ಸಂಜೆ ಅರ್ಧ ಗಂಟೆ ಮಾತ್ರ ಇಬ್ಬರೂ ಒಟ್ಟಿಗೆ ಎದ್ದಿರುತ್ತಿದ್ದರಂತೆ. ಕಾಫಿ ಕುಡಿಯುತ್ತಾ ಇಬ್ಬರೂ ಇಡೀ ದಿನದ ಮಾತನ್ನೆಲ್ಲ ಆ ಅರ್ಧ ಗಂಟೆಯಲ್ಲಿ ಆಡಿ ಮುಗಿಸಬೇಕು. ಜಗಳಕ್ಕೆ ಹೊತ್ತು ಎಲ್ಲಿಂದ ತರುವುದು ಅಂತ ಅಜ್ಜಿ ನಮ್ಮನ್ನೇ ಕೇಳಿದರು.

ಕುಸುಮಾ ತಲೆ ತಗ್ಗಿಸಿಕೊಂಡು, "ಮತ್ತೆ... ನಿಮ್ಮ ಮಕ್ಕಳೆಲ್ಲ ಹುಟ್ಟಿದ್ದು?" ಅಂದಳು.

"ಮಿಲ್ಲಿಗೆ ಭಾನುವಾರ ರಜಾ ಇರ್ತಿತ್ತಲ್ಲವ್ವ."

ಮೇಲೆ ತಾತ ಕೆಮ್ಮಿದರು. ನಾನು ಅಲ್ಲಿ ನಿಲ್ಲಲಿಲ್ಲ, ಆ ಗಾಡಿಯವನ ಗುಜರಿ ಅಂಗಡಿಗೆ ಓಡಿದೆ.

ಹಳೇ ಮಂಚ ಸಿಕ್ಕಿತು. ಆದರೆ ಖಾಲಿ ಇರಲಿಲ್ಲ. ಅಂಗಡಿಯವನು ಅದರ ಮೇಲೆ ಕೈಕಾಲು ಬಿಟ್ಟು ನಿದ್ದೆ ಹೋಗಿದ್ದ. ಎಬ್ಬಿಸಿ ಕೇಳಿದರೆ, ಹುಟ್ಟಿದಾಗಿನಿಂದ ಇಂಥ ನಿದ್ದೆ ಬಂದಿರಲಿಲ್ಲ, ಕೊಡೋದಿಲ್ಲ ಅಂದ. ಕೈ ಮುಗಿದೆ. ಕೊನೆಗೆ ಬದಲಿಗೆ ಇನ್ನೊಂದು ಮಂಚ ಕೊಟ್ಟರೆ ಬಿಡುತ್ತೇನೆ ಅಂದ. ಈಗ ಲಗ್ಗೆರೆಯಲ್ಲಿ ಬೇಡದ ಮಂಚ ಇದ್ದದ್ದು ಒಂದೇ. ಸಂಪತ್‌ಗೆ ಫೋನ್ ಮಾಡಿ ಕಟಿಂಗ್ ಮಷೀನ್ ತರಿಸಿದೆ. ನನ್ನ ವೆಲ್ಡಿಂಗ್ ಎಷ್ಟು ಗಟ್ಟಿ ಅಂತ ನನಗೆ ಅವತ್ತು ತಿಳಿಯಿತು. ಬ್ಲೇಡ್ ಮೇಲೆ ಬ್ಲೇಡ್ ಹೋಯಿತು. ನೆಂಟರು ಹೊಸ ಬಟ್ಟೆ ಹಾಕಿಕೊಂಡು ಬಂದು, ಮೆಟ್ಟಿಲ ಮೇಲೆ ಕಿವಿ ಮುಚ್ಚಿಕೊಂಡು ಕೂತರು. "ಬೋಲ್ಟ್ ಹಾಕಿದ್ರೆ ಹತ್ತು ನಿಮಿಷದ ಕೆಲಸ," ಅಂತ ಸಂಪತ್ ಬ್ಲೇಡ್ ಬದಲಾಯಿಸಿದಾಗಲೆಲ್ಲ ಹೇಳಿದ.

ಗಡಿ ಕಂಬಿಯ ಗುಂಟ ಮಂಚ ಎರಡು ಹೋಳಾಯಿತು. ಒಂದಕ್ಕೆ ಹೊಸ ಕಾಲು ಬೆಸೆದು ಗುಜರಿಯವನಿಗೆ ಕೊಟ್ಟು ಹಳೇ ಮಂಚ ಹೊತ್ತು ತಂದೆ. ಮಧ್ಯಾಹ್ನದ ಊಟ ಸಂಜೆಗೆ ಹೋಯಿತು. ತಾತ ಅಷ್ಟರಲ್ಲಿ ಹಳೇ ಮಂಚದ ಮೇಲೆ ಒಂದು ನಿದ್ದೆ ತೆಗೆದರು. ಆರು ಗಂಟೆಗೆ ತಾರಸಿಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಹಾರ ಹಾಕಿಕೊಳ್ಳುವಾಗ ತಾತ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದರು, ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಏನು ಹೇಳಿದಿರಿ ಅಂತ ನಾನು ಕೇಳಲು ಹೋಗಲಿಲ್ಲ. ಅವರ ಅರ್ಧ ಗಂಟೆ ಅವರದು.

ಉಳಿದ ಅರ್ಧ ಮಂಚ ನಮ್ಮ ಮನೆಗೆ ಬಂತು. ಕುಸುಮಾ ಅದನ್ನು ಕಿಟಕಿ ಪಕ್ಕ ಹಾಕಿಸಿ, ಮೇಲೆ ಕೂತು ನೋಡಿ, ಒಬ್ಬರಿಗೆ ಸರಿಯಾಗಿದೆ ಅಂದಳು. ಮತ್ತೆ ನನ್ನ ಮುಖ ನೋಡಿದಳು.

"ರೀ, ನಿಮ್ಮ ಕಂಪನೀಲಿ ನೈಟ್ ಶಿಫ್ಟ್ ಇದೆ ಅಲ್ವಾ?"

ನೀವೂ ಒಮ್ಮೆ ಲಗ್ಗೆರೆಗೆ ಹೋಗಿ ನಮ್ಮ ತಾತ ಅಜ್ಜಿಯನ್ನು ನೋಡಿ ಬನ್ನಿ. ಮೆಟ್ಟಿಲ ಮೇಲ್ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಇರುವ ಮನೆ, ಯಾರನ್ನು ಕೇಳಿದರೂ ತೋರಿಸುತ್ತಾರೆ. ಉಡುಗೊರೆ ಏನೂ ಬೇಡ. ಸಂಜೆ ಆರಕ್ಕೆ ಹೋಗಿ, ಬೇರೆ ಹೊತ್ತು ಹೋದರೆ ಒಬ್ಬರೇ ಸಿಗುತ್ತಾರೆ. ಕಾಫಿ ಕೊಡುತ್ತಾರೆ, ಕುಡಿದು ಬೇಗ ಏಳಿ. ನಾನು ಜೊತೆಗೆ ಬರಬೇಕು ಅಂತ ಆಸೆಯೇನೋ ಇದೆ, ಆದರೆ ಆ ಹೊತ್ತಿಗೆ ನಾನು ನೈಟ್ ಡ್ಯೂಟಿಗೆ ಹೊರಡುವ ತಯಾರಿಯಲ್ಲಿರುತ್ತೇನೆ. ನೀವೇ ಹೋಗಿ ಬನ್ನಿ.