ತಮ್ಮ ಕರಡಿ, ನಾನು ಹೆಣ

ಮಾತಾಡುವುದು ನನಗೊಂದು ಚಟ. ಎಲೆ ಅಡಿಕೆ ಬಿಟ್ಟೆ, ಬೀಡಿ ಬಿಟ್ಟೆ, ಇದೊಂದು ಬಿಡಲಾಗಲಿಲ್ಲ. ಕಂಪ್ಲಿಯ ನಮ್ಮ ರೈಸ್ ಮಿಲ್ಲಿನಲ್ಲಿ ಯಂತ್ರದ ಗದ್ದಲದ ಮೇಲೆ ಮಾತಾಡಿ ರೂಢಿಯಾಗಿ, ಸಾವಿನ ಮನೆಯಲ್ಲೂ ನನ್ನ ದನಿ ತಗ್ಗುವುದಿಲ್ಲ. ಒಮ್ಮೆ ಬುಕ್ಕಸಾಗರದಲ್ಲಿ ಒಬ್ಬರ ಮಣ್ಣಿಗೆ ಹೋದವನು ಭತ್ತದ ತೇವದ ವಿಷಯ ತೆಗೆದು ನಿಲ್ಲಿಸಲೇ ಇಲ್ಲ. ಕೊನೆಗೆ ಸತ್ತವರ ಮಗನೇ ಬಂದು, "ಸಾವ್ಕಾರ್ರ, ಅಪ್ಪನ್ನ ಎತ್ತೂದೈತಿ, ಸ್ವಲ್ಪ ಸರೀರಿ" ಎಂದ.

ಇಂಥ ನನಗೆ ಮಾತು ಬಿಟ್ಟ ತಮ್ಮ. ಶರಣಪ್ಪ ಸಂಡೂರಿನ ಕಡೆ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಒಂದು ದಿನ ಮಣ್ಣಿನ ಗುಡ್ಡೆ ಜರಿದು ಅವನ ಜೊತೆಗಾರ, ಬಂಡ್ರಿಯ ಈರಣ್ಣ, ಅದರಡಿ ಸಿಕ್ಕು ಸತ್ತ. ಶರಣಪ್ಪನಿಗೆ ಒಂದು ಗೀರೂ ಆಗಲಿಲ್ಲ. ಆದರೆ ಅಂದಿನಿಂದ ಬಾಯಿ ಬಿಡಲಿಲ್ಲ. ಕರೆದರೆ ಬರುತ್ತಾನೆ, ಬಡಿಸಿದರೆ ಉಣ್ಣುತ್ತಾನೆ, ಅಷ್ಟೆ. ಗಂಟಲು ಚೆನ್ನಾಗಿದೆ, ಪೆಟ್ಟು ಬಿದ್ದಿರುವುದು ಮನಸ್ಸಿಗೆ, ಅವನನ್ನು ಅವನ ಪಾಡಿಗೆ ಬಿಡಿ ಎಂದರು ಡಾಕ್ಟರು. ಯಾರನ್ನಾದರೂ ಅವರ ಪಾಡಿಗೆ ಬಿಡುವುದು ನಾನು ಕಲಿಯದ ವಿದ್ಯೆ. ದಿನಾ ಪಕ್ಕದಲ್ಲಿ ಕೂತು "ಧೈರ್ಯ ತಗೊಳ್ಲೇ, ಹೋದವ ಹೋದ" ಎಂದು ಶುರುಮಾಡಿದರೆ ಮಿಲ್ಲಿನಿಂದ ಕರೆ ಬರುವವರೆಗೂ ಮುಗಿಸುತ್ತಿರಲಿಲ್ಲ. ಇವನು ಹೀಗೇ ಉಳಿದುಬಿಟ್ಟರೆ ಎಂಬ ಭಯಕ್ಕೆ ನನಗೆ ಊಟ ಸೇರುತ್ತಿರಲಿಲ್ಲ. ಭಯವಾದಷ್ಟೂ ನನಗೆ ಮಾತು ಜಾಸ್ತಿ.

ಹೊಸಪೇಟೆಗೆ ಕಾಲೇಜಿಗೆ ಹೋಗುವ ಮಗಳು ಗಿರಿಜಾ ಅಲ್ಲಿಂದ ಒಂದು ಆಟ ಕಲಿತು ಬಂದಳು. ಹಲಗೆಯಿಲ್ಲ, ಕಾಯಿಯಿಲ್ಲ, ಇರುವುದು ಹಲವು ಮುಖದ ದಾಳ ಮಾತ್ರ. ಅವಳು ಕಥೆ ಹೇಳುತ್ತಾಳೆ, ನಾವು ಅದರೊಳಗಿನ ಪಾತ್ರಗಳಾಗಿ ಏನು ಮಾಡುತ್ತೇವೆಂದು ಹೇಳಬೇಕು. ಅಂದುಕೊಂಡದ್ದು ಆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಆಡಬೇಕಾದರೆ ಕಾಕಾ ಮಾತಾಡಲೇಬೇಕಲ್ಲ ಎಂಬುದು ಅವಳ ಹಂಚಿಕೆ. ನಾನು ಕತ್ತಿ ಹಿಡಿದ ವೀರನಾದೆ. ಹೆಂಡತಿ ನೀಲಮ್ಮ ವೈದ್ಯೆಯಾದಳು. ತಮ್ಮನಿಗೆ ಬೇಕೆಂದಾಗ ಪ್ರಾಣಿಯಾಗಬಲ್ಲ ಕಾಡಿನ ಸನ್ಯಾಸಿಯ ಪಾತ್ರ. ಗಿರಿಜಾ ಒಂದೊಂದೇ ಪ್ರಾಣಿಯ ಹೆಸರು ಹೇಳುತ್ತ ಹೋದಾಗ ಅವನು ಕರಡಿಗೆ ತಲೆಯಾಡಿಸಿದ. ಪ್ರಾಣಿರೂಪದಲ್ಲಿ ಇರುವಷ್ಟು ಹೊತ್ತು ಮಾತಾಡುವಂತಿಲ್ಲ ಎಂಬ ನಿಯಮ ಅವಳಿಗೆ ನೆನಪಾದದ್ದು ಆಮೇಲೆ. ಮುಗಿಯಿತು. ಮೊದಲ ಭಾನುವಾರ ಕರಡಿಯಾದವನು ಮತ್ತೆ ಮನುಷ್ಯನಾಗಲೇ ಇಲ್ಲ. ದಾಳ ಉರುಳಿಸುತ್ತಿದ್ದ, ಕಥೆಯ ಬಾಗಿಲುಗಳನ್ನು ಮುರಿಯುತ್ತಿದ್ದ, ಸುಮ್ಮನೆ ಕೂರುತ್ತಿದ್ದ. ಮೊದಲು ಬರೀ ಮೌನವಿತ್ತು, ಈಗ ಅದಕ್ಕೆ ಕಾನೂನಿನ ಬೆಂಬಲವೂ ಸಿಕ್ಕಿತು.

ಆಮೇಲೊಂದು ಭಾನುವಾರ ಮಧ್ಯಾಹ್ನ, ಗುಡ್ಡದ ಗವಿಯೊಳಗೆ ನಮಗೆ ರಾಕ್ಷಸ ಎದುರಾದ. ಮನುಷ್ಯನ ಮೈ, ಹೋರಿಯ ತಲೆ, ಹೆಗಲ ಮೇಲೆ ಹಳೆಯ ಗಾಯ. "ಹೊಡಿಯಪ್ಪಾ" ಎಂದಳು ಗಿರಿಜಾ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಮನೆತನ ನಮ್ಮದು. ದಾಳ ಎತ್ತಲು ಕೈ ಬರಲಿಲ್ಲ.

"ಬಸವಣ್ಣನ್ನ ಹ್ಯಾಂಗ ಹೊಡ್ಯೂದವ್ವಾ?"

"ಅದು ಬಸವಣ್ಣ ಅಲ್ಲಪ್ಪಾ, ರಾಕ್ಷಸ. ಮನುಷ್ಯಾರ್ನ ತಿಂತೈತಿ."

"ಹಸದಿರಬೇಕು, ಪಾಪ" ಎಂದ ನೀಲಮ್ಮ ತನ್ನಲ್ಲಿ ಉಳಿದಿದ್ದ ಔಷಧವನ್ನೆಲ್ಲ ಅದರ ಗಾಯಕ್ಕೆ ಹಚ್ಚಿದಳು. ಹಿಂಡಿ ಇದ್ದಿದ್ದರೆ ಅದನ್ನೂ ಇಡುತ್ತಿದ್ದಳು. ನಾನು ಕತ್ತಿ ಕೆಳಗಿಟ್ಟು, ಕೈಮುಗಿದು, ಹೋರಿಗೆ ಬುದ್ಧಿಮಾತು ಶುರುಮಾಡಿದೆ. ಗಿರಿಜಾ ಕಾದಳು, ಕಾದಳು, ಕೊನೆಗೆ ದಾಳ ಉರುಳಿಸಿದಳು. ಗಾಯ ಮಾಯ್ದ ಹೋರಿ ಹೊಸ ಬಲದಿಂದ ನುಗ್ಗಿ ನನ್ನ ಹೊಟ್ಟೆಗೆ ಕೊಂಬು ಹಾಕಿತು.

"ಬಿದ್ದೀಯಪ್ಪಾ. ರಕ್ತ ಹೋಗಾಕತ್ತೈತಿ, ಅವ್ವನ ಔಷಧಿ ಮುಗದೈತಿ" ಎಂದು ಅವಳು ತಮ್ಮನ ಕಡೆ ತಿರುಗಿದಳು. "ಕಾಕಾ, ನೀ ಒಬ್ಬನ ಉಳದೀದಿ. ಅಪ್ಪನ್ನ ಎಳ್ಕೊಂಡು ಹೊರಗ ಹೋಗ್ತೀಯೇನು?"

ಶರಣಪ್ಪ ದಾಳ ಹಿಡಿದುಕೊಂಡ. ಉರುಳಿಸಲಿಲ್ಲ.

"ಅಪ್ಪ ಸತ್ತ" ಎಂದಳು ಗಿರಿಜಾ. ನಾನು ಏನೋ ಹೇಳಲು ಬಾಯಿ ತೆರೆದೆ. "ಸತ್ತವ್ರು ಮಾತಾಡಂಗಿಲ್ಲಪ್ಪಾ." ನಿಯಮವೆಂದರೆ ನಿಯಮ. ಬಾಯಿ ಮುಚ್ಚಿದೆ. ನಮ್ಮ ಮನೆಯ ಫ್ಯಾನು ಸದ್ದು ಮಾಡುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗಲೇ.

"ನಾ ಈಗ ಕರಡಿ ಅಲ್ಲ" ಎಂದಿತು ಒಂದು ದನಿ. ಅದು ನನ್ನ ತಮ್ಮನದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವನು ದಾಳವನ್ನೇ ನೋಡುತ್ತಿದ್ದ. "ಈರಣ್ಣನೂ ಹಿಂಗ ಬಿದ್ದಿದ್ದ. ಒಂದ ಕೈ ಮಣ್ಣಿನ ಹೊರಗಿತ್ತು. ಆಡಸಾಕತ್ತಿದ್ದ, ನನ್ನ ಕರಿಯಾಕತ್ತಿದ್ದ. ಇನ್ನಷ್ಟು ಜರೀತೈತಿ ಅಂತ ಅಂಜಿ ನಾ ಹೋಗ್ಲಿಲ್ಲ. ನಿಂತು ನೋಡಿದೆ."

ನೀಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ನಿನ್ನ ತಪ್ಪಿಲ್ಲ, ಹಣೆಬರಹ, ಯಾರಿದ್ದರೂ ಹಾಗೇ ಮಾಡುತ್ತಿದ್ದರು, ಎಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೆಣವಾಗಿದ್ದರಿಂದ ಒಂದೂ ಹೇಳಲಿಲ್ಲ. ಅವನು ಹೇಳುತ್ತಲೇ ಹೋದ, ಆ ಕೈಯ ಬೆಳ್ಳಿ ಉಂಗುರದ ಬಗ್ಗೆ, ಆಮೇಲೆ ಆ ಕೈ ಆಡದೆ ನಿಂತದ್ದರ ಬಗ್ಗೆ. ನನಗೆ ಎದೆ ಒಡೆಯುವಷ್ಟು ಸಂಕಟ. ತಮ್ಮನ ದನಿ ಕೇಳುತ್ತಿದೆಯಲ್ಲ ಎಂಬ ಸಂತೋಷವೂ ಅದರೊಳಗೇ ಇತ್ತು, ಅದಕ್ಕೆ ನಾಚಿಕೆಯೂ ಆಯಿತು. ಯಾರೂ ಮುಟ್ಟದೆ ಚಹಾ ಆರಿಹೋಯಿತು.

ಮುಂದಿನ ಭಾನುವಾರ ಗಿರಿಜಾ, ಸತ್ತವರನ್ನು ಎಬ್ಬಿಸುವ ಮಂತ್ರವೊಂದಿದೆ, ಸನ್ಯಾಸಿ ಬಾಯಿಬಿಟ್ಟು ಹೇಳಿದರೆ ಸಾಕು ಎಂದಳು. ನಾನು ಆಸೆಯಿಂದ ತಮ್ಮನ ಮುಖ ನೋಡಿದೆ. ಅವನೂ ಬಹಳ ಹೊತ್ತು ನನ್ನ ಮುಖ ನೋಡಿದ.

"ಅಣ್ಣ ಇನ್ನೊಂದಿಷ್ಟು ದಿನ ಹಿಂಗ ಇರ್ಲಿ" ಎಂದ.

ಹೀಗಾಗಿ ಭಾನುವಾರ ಮಧ್ಯಾಹ್ನ ನಾನು ಇನ್ನೂ ಹೆಣ. ತಮ್ಮನ ಪಕ್ಕದಲ್ಲೇ ಕೂರುತ್ತೇನೆ, ಚಹಾ ಬೇಕಾದರೆ ಬೆರಳು ತೋರಿಸುತ್ತೇನೆ.